ಮರಗೆಲಸ ಪ್ರಶ್ನೋತ್ತರ: ಚೀಲಕ್ಕೆ ಒಂದೇ ಬಾಚಿ, ಬಾಚಿಗೆ ತಕ್ಕ ಕಾವು

ಈ ಸಲ ಬಂದ ಕಾಗದಗಳಲ್ಲಿ ಹೆಚ್ಚಿನವು ಬಾಚಿಯ, ಅಂದರೆ ಕಾವಿಗೆ (ಹಿಡಿಕೆಗೆ) ಅಡ್ಡಲಾಗಿ ಅಲಗು ಇರುವ ಕೆತ್ತುವ ಹತಾರದ, ಸುತ್ತಲೇ ಇದ್ದವು. ಹಾಗಾಗಿ ಬಾಗಿಲು, ಕಿಟಕಿ, ಪಾಲಿಶ್ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡು ಪೂರ್ತಿ ಜಾಗವನ್ನು ಬಾಚಿಗೇ ಕೊಟ್ಟಿದ್ದೇನೆ.

ಪ್ರಶ್ನೆ: ಆಚಾರ್ರಿಗೆ ನಮಸ್ಕಾರ. ಯಲ್ಲಾಪುರದ ಹತ್ತಿರ ನಮ್ಮದು ಅಡಿಕೆ ತೋಟ. ಬೇಲಿ ಗೂಟ ಮೊನೆ ಮಾಡುವುದು, ಗುದ್ದಲಿಗೆ ಕಾವು ಕೆತ್ತುವುದು, ಕೊಟ್ಟಿಗೆಗೆ ಪಟ್ಟಿ ಹೊಡೆಯುವುದು, ಹೀಗೆ ಸಣ್ಣ ಕೆಲಸಗಳೇ ಜಾಸ್ತಿ. ಪ್ರತಿ ಸಲವೂ ಕೊಡಲಿ, ಬಾಚಿ, ಸುತ್ತಿಗೆ, ಉಳಿ ಎಲ್ಲ ಹೊತ್ತುಕೊಂಡು ತೋಟಕ್ಕೆ ಇಳಿಯುವುದು ಕಷ್ಟ. ಒಂದು ಬದಿ ಕೊಡಲಿ, ಇನ್ನೊಂದು ಬದಿ ಬಾಚಿ, ಜೊತೆಗೆ ಮೊಳೆ ಕೀಳುವ ಸೀಳು ಇರುವ ಹತಾರ ಮಾಡಿಸೋಣ ಅಂತಿದ್ದೇನೆ. ನಮ್ಮೂರಲ್ಲಿ ಕುಲುಮೆ ಇನ್ನೂ ನಡೀತಿದೆ. ಅಳತೆ ಹೇಳಿಕೊಡುತ್ತೀರಾ?

ಉತ್ತರ: ಅಳತೆ ಕೊಡುತ್ತೇನೆ. ಆದರೆ ನೀವು ಕೇಳಿದ ಹತಾರದ್ದಲ್ಲ. ಎರಡೂ ಬದಿಗೆ ಬಾಯಿ ಬೇಡ. ಕಾರಣ ಇಷ್ಟೇ: ಬಾಚಿಯನ್ನು ಎತ್ತಿದಾಗ ಅದರ ಹಿಂಬದಿ ನಿಮ್ಮ ಹಣೆಯ ಕಡೆಗೇ ತಿರುಗುತ್ತದೆ. ಅಲ್ಲಿ ಕೊಡಲಿಯ ಬಾಯಿ ಇದ್ದರೆ ಪ್ರತಿ ಏಟಿಗೂ ಮುಖದ ಎದುರು ಒಂದು ಅಲಗು ಬಂದು ಹೋಗುತ್ತಿರುತ್ತದೆ. ಗೂಟ ಮೊನೆ ಮಾಡಲು ಕೊಡಲಿಯೇ ಆಗಬೇಕೆಂದೂ ಇಲ್ಲ. ಗೂಟವನ್ನು ಒಂದು ದಿಮ್ಮಿಯ ಮೇಲೆ ಓರೆಯಾಗಿ ಒರಗಿಸಿ ಹಿಡಿದರೆ ಬಾಚಿ ಅದನ್ನು ಕೊಡಲಿಗಿಂತ ನುಣುಪಾಗಿ ಕೆತ್ತುತ್ತದೆ.

ಮೊಳೆ ಕೀಳುವ ಸೀಳೂ ಬೇಡ. ಮೊಳೆ ಮೀಟುವಾಗ ಭಾರವೆಲ್ಲ ತಲೆ ಮತ್ತು ಕಾವು ಸೇರುವ ಜಾಗದ ಮೇಲೆ ಅಡ್ಡಡ್ಡ ಬೀಳುತ್ತದೆ. ಕಾವು ಸಡಿಲವಾಗಲು ಅದಕ್ಕಿಂತ ಹತ್ತಿರದ ದಾರಿ ಇಲ್ಲ. ಮೊಳೆಗೆ ಒಂದು ಇಕ್ಕಳ ಜೇಬಿನಲ್ಲಿರಲಿ.

ಹಾಗಾದರೆ ಏನು ಬೇಕು? ಮುಂದೆ ಬಾಚಿಯ ಬಾಯಿ, ಹಿಂದೆ ಸುತ್ತಿಗೆ ಮುಖ, ಮತ್ತು ಬೇಕೆಂದಾಗ ಕೈಯಲ್ಲೇ ಕಳಚಬಹುದಾದ ಕಾವು. ಈ ಮೂರನೆಯದರಲ್ಲೇ ಅರ್ಧ ಗುಟ್ಟು ಅಡಗಿದೆ, ಆಮೇಲೆ ಹೇಳುತ್ತೇನೆ.

ಕಬ್ಬಿಣದ ವಿಚಾರ ಮೊದಲು. ಲಾರಿ ಪಟ್ಟೆ, ಅಂದರೆ ಲಾರಿಯ ಹಳೆಯ ಸ್ಪ್ರಿಂಗ್ ಪಟ್ಟಿ, ಒಳ್ಳೆಯ ಉಕ್ಕು, ಅನುಮಾನವಿಲ್ಲ. ಆದರೆ ಅದು ತೆಳ್ಳಗಿನ ಪಟ್ಟಿ. ಕಾವಿಗೆ ಬೇಕಾದಷ್ಟು ಆಳದ ತೂತು ಅದರಲ್ಲಿ ಸಿಗುವುದಿಲ್ಲ, ಮಡಿಚಿ ಬೆಸೆಯಬೇಕಾಗುತ್ತದೆ. ಅದಕ್ಕೆ ಬದಲು ಸುಮಾರು 800 ಗ್ರಾಂ ತೂಕದ ಹಳೆಯ ಸುತ್ತಿಗೆಯ ತಲೆ ಹುಡುಕಿ. ಒಂದು ಬದಿ ಚಪ್ಪಟೆ ಮುಖ, ಇನ್ನೊಂದು ಬದಿ ಕಾವಿಗೆ ಅಡ್ಡಲಾಗಿ ಬೆಣೆಯಂತೆ ಇಳಿದ ಮೂತಿ ಇರುವ ಸುತ್ತಿಗೆ. ಬಡಿದು ಮಾಡಿದ ಉಕ್ಕಿನದೇ ಆಗಿರಲಿ, ಎರಕದ್ದು ಬೇಡ. ಎರಕದ್ದನ್ನು ಕಾಯಿಸಿ ಬಡಿದರೆ ಒಡೆಯುತ್ತದೆ. ಒಳ್ಳೆಯ ಸುತ್ತಿಗೆಯಲ್ಲಿ ತೂತು ಸಿದ್ಧವಾಗಿಯೇ ಇರುತ್ತದೆ, ಹಿಂದಿನ ಮುಖವೂ ಸಿದ್ಧ. ಮೂತಿಯನ್ನಷ್ಟೇ ಕಾಯಿಸಿ ಬಡಿದು ಅಲಗು ಎಳೆಯಬೇಕು.

ಅಲಗು ಬಾಯಿಯ ಹತ್ತಿರ ಎರಡು ಇಂಚು ಅಗಲ, ದಪ್ಪ ಸುಮಾರು 5 ಮಿಲಿಮೀಟರ್ ಇರಲಿ. ತೂತಿನ ನಡುವಿನಿಂದ ಬಾಯಿಯವರೆಗೆ ಐದು ಇಂಚು ಸಾಕು. ಬಾಯಿ ಗೆರೆ ಎಳೆದ ಹಾಗೆ ನೇರ ಇರಬಾರದು. ಎರಡು ಮೂಲೆಗಳು ಒಂದೊಂದು ಮಿಲಿಮೀಟರ್ ಹಿಂದಕ್ಕಿರಲಿ, ಇಲ್ಲದಿದ್ದರೆ ಮೂಲೆ ಮರಕ್ಕೆ ಕಚ್ಚಿ ನಾರು ಹರಿಯುತ್ತದೆ. ಎಲ್ಲ ಮುಗಿದ ಮೇಲೆ ತಲೆ 700 ಗ್ರಾಂ ಸುಮಾರಿಗೆ ಬಂದರೆ ಒಂದೇ ಕೈಯಲ್ಲಿ ದಿನವಿಡೀ ಕೆಲಸ ಮಾಡಬಹುದು.

ಇನ್ನು ಬಾಗು. ಅಂಗಡಿಯ ಎಷ್ಟೋ ಬಾಚಿಗಳು ಸೋಲುವುದು ಇಲ್ಲೇ. ಕಾವಿಗೆ ಮೂಲೆಮಟ್ಟ ಇಟ್ಟಂತೆ ನೆಟ್ಟಗೆ ನಿಂತ ಅಲಗು ಗುದ್ದಲಿಯ ಹಾಗೆ ಮರದೊಳಕ್ಕೆ ಇಳಿದು ಸಿಕ್ಕಿಕೊಳ್ಳುತ್ತದೆ. ಅತಿಯಾಗಿ ಒಳಕ್ಕೆ ಬಾಗಿಸಿದರೆ ಬಾಯಿಗಿಂತ ಮೊದಲು ಅಲಗಿನ ಹೊಟ್ಟೆ ಮರಕ್ಕೆ ತಾಗಿ ಜಾರಿಹೋಗುತ್ತದೆ. ಸರಿಯಾದ ಬಾಗು ನಿಮ್ಮ ಕೈಯ ಉದ್ದದಿಂದಲೇ ಬರಬೇಕು. ಕಾವಿನ ಉದ್ದದ ಒಂದು ಕೋಲನ್ನು ಹಿಡಿದು ಕುಳಿತುಕೊಳ್ಳಿ. ಮನೆಯವರ ಹತ್ತಿರ ಮೊಣಕೈಯಿಂದ ಕೋಲಿನ ತುದಿಯವರೆಗೆ ದಾರ ಹಿಡಿಸಿ ಅಳೆಸಿ. ಸಾಮಾನ್ಯ ಆಳಿಗೆ ಇಪ್ಪತ್ತೊಂದು, ಇಪ್ಪತ್ತೆರಡು ಇಂಚು ಬರಬಹುದು. ಆ ದಾರಕ್ಕೆ ಸೀಮೆಸುಣ್ಣ ಕಟ್ಟಿ, ಇನ್ನೊಂದು ತುದಿಯನ್ನು ಒತ್ತಿ ಹಿಡಿದು ಸಿಮೆಂಟ್ ನೆಲದ ಮೇಲೆ ಕಮಾನು ಎಳೆಯಿರಿ. ನಿಮ್ಮ ಬಾಚಿ ಗಾಳಿಯಲ್ಲಿ ಬೀಸಿ ಬರುವ ದಾರಿ ಅದೇ. ಅಲಗಿನ ಹೊರಮೈ ಆ ಕಮಾನನ್ನು ಒರಗಿಕೊಂಡು ಹೋಗಬೇಕು. ಲೆಕ್ಕ ಹಾಕಿದರೆ ಐದು ಇಂಚಿನ ಅಲಗಿಗೆ ಅರ್ಧ ಇಂಚಿಗಿಂತ ಚೂರು ಹೆಚ್ಚು ಬಾಗು. ನಾನು ಅರ್ಧ ಇಂಚಿಗೇ ನಿಲ್ಲಿಸುತ್ತೇನೆ, ಮರವನ್ನು ಕಚ್ಚಲು ಅಷ್ಟು ಸಡಿಲ ಬೇಕು. ಕಮಾನನ್ನು ರಟ್ಟಿನ ಮೇಲೆ ಇಳಿಸಿ ಕತ್ತರಿಸಿ ಕುಲುಮೆಗೆ ಒಯ್ಯಿರಿ. ಬಾಯಲ್ಲಿ ಹೇಳುವುದಕ್ಕಿಂತ ರಟ್ಟು ಕೈಗೆ ಕೊಟ್ಟರೆ ಕಮ್ಮಾರರಿಗೂ ಅನುಕೂಲ.

ಬಾಯಿಯ ಓರೆ ಒಳಬದಿಗೆ, ಅಂದರೆ ಕಾವು ಇರುವ ಕಡೆಗೆ ಮಾತ್ರ. ಹೊರಮೈಯನ್ನು ಉಜ್ಜಲೇಬಾರದು, ಅದು ಮರದ ಮೇಲೆ ಜಾರುತ್ತಾ ಕೆತ್ತನೆಯ ಆಳವನ್ನು ಹಿಡಿತದಲ್ಲಿಡುತ್ತದೆ. ಓರೆಯ ಕೋನ 30 ಡಿಗ್ರಿ. ಕೋನಮಾಪಕ ಇಲ್ಲದಿದ್ದರೂ ಚಿಂತೆಯಿಲ್ಲ. ಅಲಗಿನ ದಪ್ಪದ ಎರಡರಷ್ಟು ಉದ್ದಕ್ಕೆ ಓರೆ ತೆಗೆದರೆ ತಾನಾಗಿಯೇ 30 ಡಿಗ್ರಿ ಬರುತ್ತದೆ. 5 ಮಿಲಿಮೀಟರ್ ದಪ್ಪಕ್ಕೆ 10 ಮಿಲಿಮೀಟರ್ ಓರೆ.

ಹದ ಕೊಡುವಾಗ ಮುಂದಿನ ಒಂದೂವರೆ ಇಂಚಿಗೆ ಮಾತ್ರ ಕೊಡಲಿ. ಕೆಂಪಗೆ ಕಾದ ಅಲಗಿಗೆ ಅಯಸ್ಕಾಂತ ಹಿಡಿದರೆ ಅಂಟಬಾರದು. ಉಕ್ಕು ಸುಮಾರು 770 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಹಾಗಾಗುತ್ತದೆ. ಅಲ್ಲಿಂದ ಇನ್ನೊಂದು ಚೂರು ಕಾಯಿಸಿ ಬೆಚ್ಚಗಿನ ಎಣ್ಣೆಗೆ ಇಳಿಸಬೇಕು. ನೀರಿಗೆ ಅದ್ದಿದರೆ ತೆಳು ಬಾಯಿ ಸೀಳುವ ಭಯವಿದೆ. ಆರಿದ ಮೇಲೆ ಅರ ಆಡಿಸಿ ನೋಡಿ, ಅರ ಕಚ್ಚದೆ ಜಾರಿದರೆ ಗಡಸು ಬಂದಿದೆ. ಆ ಗಡಸು ಹಾಗೇ ಉಳಿದರೆ ಮೊದಲ ಗಂಟಿಗೇ ಬಾಯಿ ಮುರಿಯುತ್ತದೆ. ಆದ್ದರಿಂದ ಅಲಗನ್ನು ಬೆಳ್ಳಗೆ ಉಜ್ಜಿ, ತೂತಿನ ಕಡೆಯಿಂದ ನಿಧಾನಕ್ಕೆ ಬಿಸಿ ಹರಿಯಲು ಬಿಡಬೇಕು. ಮೊದಲು ಒಣಹುಲ್ಲಿನ ಬಣ್ಣ ಏರಿ ಬರುತ್ತದೆ, ಹಿಂದೆಯೇ ಕಂದು, ಆಮೇಲೆ ನೇರಳೆ. ಕಂದು ನೇರಳೆಗೆ ತಿರುಗುವ ಹೊತ್ತಿಗೆ ನೀರಿಗೆ ಹಾಕಿ ತಡೆಯಿರಿ. ಹಿಂದಿನ ಸುತ್ತಿಗೆ ಮುಖಕ್ಕೆ ಈ ಗಡಸು ಬೇಡವೇ ಬೇಡ. ಗಟ್ಟಿ ಉಕ್ಕಿಗೆ ಗಟ್ಟಿ ಉಕ್ಕು ಬಡಿದರೆ ಚೂರು ಸಿಡಿದು ಕಣ್ಣಿಗೆ ಹೋಗುತ್ತದೆ.

ಈಗ ಕಾವು. ಕೊಡಲಿಗೆ ಕಾವನ್ನು ಕೆಳಗಿನಿಂದ ತೂರಿಸಿ ಮೇಲೆ ಬೆಣೆ ಹೊಡೆಯುತ್ತೇವೆ. ಪಿಕಾಸಿಗೆ ಹಾಗಲ್ಲ, ಕಾವಿನ ಸಣ್ಣ ತುದಿಯನ್ನು ಮೇಲಿನಿಂದ ಇಳಿಸುತ್ತೇವೆ, ದಪ್ಪ ತುದಿ ತೂತಿನಲ್ಲಿ ಬಿಗಿದು ನಿಲ್ಲುತ್ತದೆ, ಬೀಸಿದಷ್ಟೂ ತಲೆ ದಪ್ಪದ ಕಡೆಗೆ ಎಳೆದು ಇನ್ನೂ ಬಿಗಿಯಾಗುತ್ತದೆ. ನಿಮ್ಮ ಬಾಚಿಗೆ ಈ ಪಿಕಾಸಿ ಕ್ರಮವೇ ಸರಿ. ಓರೆ ಒಳಬದಿಗಿದೆಯಲ್ಲ, ಕಾವು ಇದ್ದರೆ ಮಸೆಗಲ್ಲು ಅಲ್ಲಿಗೆ ಸಲೀಸಾಗಿ ಹೋಗುವುದಿಲ್ಲ. ಹಡಗು ಕಟ್ಟುವ ಬಡಗಿಗಳು ಉದ್ದ ಕಾವಿನ ಬಾಚಿಗೆ ಬೆಣೆ ಹೊಡೆಯದೆ ಬಿಡುವುದೂ ಇದೇ ಕಾರಣಕ್ಕೆ. ಬೆಣೆ ಹೊಡೆದ ಬಾಚಿಯನ್ನು ಜನ ಮಸೆಯುವುದನ್ನೇ ಬಿಟ್ಟುಬಿಡುತ್ತಾರೆ, ಮೊಂಡು ಬಾಚಿ ಜಾರಿ ಮೊಣಕಾಲಿಗೆ ಬೀಳುತ್ತದೆ.

ಕಳಚುವ ಕಾವಿನಿಂದ ಇನ್ನೆರಡು ಲಾಭಗಳಿವೆ. ತಲೆ ಬೇರೆ, ಕಾವು ಬೇರೆ ಮಾಡಿದರೆ ಸಣ್ಣ ಚೀಲದಲ್ಲಿ ಹಿಡಿಯುತ್ತದೆ. ಬರಿಯ ತಲೆಯನ್ನು ಎರಡು ಕೈಯಲ್ಲಿ ಹಿಡಿದು ಕಾವಿನ ಮೈ ಹೆರೆಯಬಹುದು. ಬಿದಿರಿನ ತುದಿಗೆ ಬಾಯಿಟ್ಟು ಹಿಂದಿನ ಮುಖಕ್ಕೆ ಮರದ ಕೊಡತಿಯಲ್ಲಿ ತಟ್ಟಿದರೆ ದಬ್ಬೆ ಸೀಳಬಹುದು. ನೀವು ಕೇಳಿದ ಉಳಿಯ ಕೆಲಸ ಪೂರ್ತಿಯಾಗಿ ಅಲ್ಲದಿದ್ದರೂ ಮುಕ್ಕಾಲು ಪಾಲು ಇಷ್ಟರಲ್ಲೇ ಆಗುತ್ತದೆ.

ಇದಕ್ಕೆ ತೆರಬೇಕಾದ ಬೆಲೆಯೂ ಒಂದಿದೆ. ಹಿಡಿಯುವ ಭಾಗ ಪೂರ್ತಿ ತೂತಿನ ಮೂಲಕ ಹಾದುಹೋಗಬೇಕು, ಹಾಗಾಗಿ ಅದು ತೂತಿಗಿಂತ ದಪ್ಪ ಇರುವಂತಿಲ್ಲ. ಸುತ್ತಿಗೆಯ ತೂತು ಚಿಕ್ಕದು. ಹಾಗೇ ಬಿಟ್ಟರೆ ಕಾವು ಬೆರಳಿನಷ್ಟಾಗಿ ಕೈ ಸೆಳೆಯುತ್ತದೆ. ಕುಲುಮೆಯಲ್ಲೇ, ಕಾದಿರುವಾಗಲೇ, ಮೊನೆಯಾದ ಸಲಾಕೆಯನ್ನು ಮೇಲಿನಿಂದ ಇಳಿಸಿ ತೂತು ಹಿಗ್ಗಿಸಲು ಹೇಳಿ. ಮೇಲ್ಗಡೆ 36ಕ್ಕೆ 26 ಮಿಲಿಮೀಟರ್, ಕೆಳಗಡೆ 32ಕ್ಕೆ 22 ಮಿಲಿಮೀಟರ್, ಮೊಟ್ಟೆಯಾಕಾರ. ದುಂಡಗೆ ಮಾಡಿದರೆ ತಲೆ ತಿರುಗುತ್ತದೆ. ಹಿಡಿಯನ್ನು 31ಕ್ಕೆ 21ರ ಒಳಗೆ ತನ್ನಿ, ಅಂಗೈಗೆ ಸಾಕಾಗುತ್ತದೆ. ತುದಿಯಲ್ಲಿ ಗುಬಟು ಬಿಡಲು ಆಗುವುದಿಲ್ಲ, ಬದಲಿಗೆ ಒಂದು ತೂತು ಕೊರೆದು ಮಣಿಕಟ್ಟಿಗೆ ಹಾಕಿಕೊಳ್ಳುವ ಹುರಿ ಕಟ್ಟಿ. ಕಾವಿನ ಒಟ್ಟು ಉದ್ದ ಹನ್ನೆರಡು ಇಂಚು, ಅದರಲ್ಲಿ ಅರ್ಧ ಇಂಚು ತಲೆಯ ಮೇಲೆ ಇಣುಕಿರಲಿ.

ಕೂರಿಸುವ ಕೆಲಸಕ್ಕೆ ಆತುರ ಪಡಬೇಡಿ. ದೀಪದ ಮಸಿಗೆ ಎರಡು ಹನಿ ಎಣ್ಣೆ ಕಲಸಿ ತೂತಿನ ಒಳಗೋಡೆಗೆ ತೆಳ್ಳಗೆ ಸವರಿ. ಕಾವನ್ನು ಮೇಲಿನಿಂದ ಇಳಿಸಿ, ಕೈಯಲ್ಲಿ ಒತ್ತಿ, ಮತ್ತೆ ತೆಗೆಯಿರಿ. ಎಲ್ಲೆಲ್ಲಿ ಕಪ್ಪು ಹತ್ತಿದೆಯೋ ಅಲ್ಲೆಲ್ಲ ಉಬ್ಬಿದೆ. ಮೊದಲ ಸಲ ಎರಡು ಕಡೆ ಮಾತ್ರ, ಮೇಲ್ತುದಿಯ ಒಂದು ಮಗ್ಗುಲಲ್ಲಿ ಮತ್ತು ಕೆಳಗೆ ಅದರ ಎದುರು ಮಗ್ಗುಲಲ್ಲಿ ಕಪ್ಪು ಕಾಣಬಹುದು. ಅಂದರೆ ಕಾವು ಓರೆಯಾಗಿ ನಿಂತಿದೆ. ಆ ಕಪ್ಪನ್ನಷ್ಟೇ ಗಾಜಿನ ಚೂರಿನಲ್ಲಿ ಹೆರೆಯಿರಿ. ಅರ ಹಾಕಿದರೆ ಬೇಕಾದ್ದಕ್ಕಿಂತ ಹೆಚ್ಚು ಹೋಗುತ್ತದೆ. ಒಡೆದ ಕಿಟಕಿ ಗಾಜಿನ ಹೊಸ ಅಂಚು ಈರುಳ್ಳಿ ಸಿಪ್ಪೆಗಿಂತ ತೆಳ್ಳಗಿನ ಹೊಟ್ಟು ತೆಗೆಯುತ್ತದೆ. ಹಿಡಿಯುವ ಅಂಚಿಗೆ ದಪ್ಪ ಬಟ್ಟೆ ಸುತ್ತಿಕೊಳ್ಳಿ. ಮತ್ತೆ ಇಳಿಸಿ, ಮತ್ತೆ ತೆಗೆದು ನೋಡಿ. ಕಪ್ಪು ಚುಕ್ಕೆಗಳು ಹರಡುತ್ತಾ ಹರಡುತ್ತಾ ಸುತ್ತಲೂ ಮಂಕಾದ ಬೂದು ಬಣ್ಣವಾದಾಗ ಕಾವು ಕೂತಿದೆ ಎಂದರ್ಥ. ಆಗ ಕಾವಿನ ಮೇಲ್ತುದಿಯನ್ನು ಕೆಳಮುಖ ಮಾಡಿ ದಿಮ್ಮಿಯ ಮೇಲೆ ಎರಡು ಸಲ ಕುಟ್ಟಿ. ತಲೆಯ ಭಾರಕ್ಕೇ ಅದು ಬಿಗಿಯುತ್ತದೆ. ಕಳಚಬೇಕೆಂದಾಗ ಹಿಡಿಯ ತುದಿಯನ್ನು ಕುಟ್ಟಿದರಾಯಿತು.

ಪ್ರಶ್ನೆ: ಕಾವಿಗೆ ತೇಗವೇ ಶ್ರೇಷ್ಠವಲ್ಲವೇ? ನಮ್ಮ ವಿಜಯಪುರದ ಕಡೆ ಎಲ್ಲಿ ನೋಡಿದರೂ ಜಾಲಿಯೇ. ಅದನ್ನು ಬಳಸಿದರೆ ಹೇಗೆ, ಸರ?

ಉತ್ತರ: ತೇಗ ಬಾಗಿಲಿಗೆ ಶ್ರೇಷ್ಠ, ಕಾವಿಗಲ್ಲ. ಬಿಸಿಲು ಮಳೆಗೆ ಅದು ಜಗ್ಗುವುದಿಲ್ಲ, ಗೆದ್ದಲು ಸುಲಭಕ್ಕೆ ಹತ್ತುವುದಿಲ್ಲ. ಆದರೆ ಏಟಿನ ಅದುರಿಗೆ ಪಟ್ಟನೆ ಮುರಿಯುವ ಗುಣ ಅದಕ್ಕಿದೆ. ಕಾವಿಗೆ ಬೇಕಾದದ್ದು ಬಳುಕಿ ಮತ್ತೆ ನೆಟ್ಟಗಾಗುವ ಮರ. ಪಶ್ಚಿಮ ಘಟ್ಟದ ಕಡೆಯವರಿಗೆ ತಡಸಲು ಇದೆ. ಹೊರೆ ಹೊರುವ ಅಡ್ಡೆಗೂ ಕೊಡಲಿ ಕಾವಿಗೂ ಅದನ್ನು ಹುಡುಕಿಕೊಂಡು ಹೋಗುತ್ತಿದ್ದರು. ದಿಂಡಿಗವೂ ಅದೇ ಸಾಲಿನದು, ಗಾಡಿಯ ಅಚ್ಚಿಗೆ ಬಳಸುತ್ತಿದ್ದ ಮರ.

ನಿಮ್ಮ ಕರಿಜಾಲಿ ಇವಕ್ಕೆ ಏನೂ ಕಡಿಮೆಯಿಲ್ಲ. ಚಕ್ಕಡಿ ಗಾಲಿಗೆ ಬಾಳಿದ ಮರ ಬಾಚಿಯ ಕಾವಿಗೆ ಬಾಳದೇ? ಬಿಳಿಯ ಹೊರಭಾಗ ಬಿಟ್ಟು ಒಳಗಿನ ಕೆಂಪು ಚೇಗನ್ನೇ ತೆಗೆದುಕೊಳ್ಳಿ, ಹೊರಭಾಗಕ್ಕೆ ಹುಳ ಬಿದ್ದು ಪುಡಿ ಉದುರುತ್ತದೆ. ಬಳ್ಳಾರಿ ಜಾಲಿಯೂ ಗಟ್ಟಿಯೇ, ಆದರೆ ಹನ್ನೆರಡು ಇಂಚು ನೆಟ್ಟಗಿನ ತುಂಡು ಸಿಗುವುದು ಅಪರೂಪ. ಹಿತ್ತಲಲ್ಲಿ ಪೇರಲ ಗಿಡ ಇದ್ದು, ಮಣಿಕಟ್ಟಿಗಿಂತ ದಪ್ಪನೆಯ ಕೊಂಬೆ ಸವರುವುದಿದ್ದರೆ ಎಸೆಯಬೇಡಿ, ಅದೂ ಒಳ್ಳೆಯ ಕಾವು.

ಮರದ ಜಾತಿಗಿಂತ ಮುಖ್ಯವಾದದ್ದು ನಾರು. ತುಂಡನ್ನು ಗರಗಸದಲ್ಲಿ ಕೊಯ್ಯಬೇಡಿ, ಬೆಣೆಯಿಟ್ಟು ಸೀಳಿ. ಸೀಳು ನಾರಿನ ದಾರಿಯಲ್ಲೇ ಹೋಗುತ್ತದೆ, ಆದ್ದರಿಂದ ನಾರು ಒಂದು ತುದಿಯಿಂದ ಇನ್ನೊಂದು ತುದಿಗೆ ತುಂಡಾಗದೆ ಬರುತ್ತದೆ. ಗರಗಸ ನಾರನ್ನು ಲೆಕ್ಕಿಸುವುದಿಲ್ಲ. ಹಾಗೆ ಕೊಯ್ದ ಕಾವಿನಲ್ಲಿ ನಾರು ಅರ್ಧದಲ್ಲೇ ಮಗ್ಗುಲಿಗೆ ಹಾದು ಹೊರಬಂದಿದ್ದರೆ ಒಂದು ದಿನ ಅದು ಅಲ್ಲೇ ಓರೆಯಾಗಿ ಸೀಳಿಬರುತ್ತದೆ. ಸೀಳಿದಾಗ ತುಂಡು ಸೊಟ್ಟಗೆ ತಿರುಚಿಕೊಂಡರೆ ಅದನ್ನು ಒಲೆಗೆ ಹಾಕಿ, ಬೇರೆ ತುಂಡು ನೋಡಿ.

ಸೀಳಿದ ತುಂಡಿನ ಎರಡೂ ತುದಿಗೆ ಸೆಗಣಿ ಇಲ್ಲವೇ ಮೇಣ ಮೆತ್ತಿ ನೆರಳಲ್ಲಿಡಿ. ತುದಿ ಬೇಗ ಒಣಗಿದರೆ ಬಿರುಕು ಬಿಡುತ್ತದೆ. ಒಣಗಿದೆಯೋ ಇಲ್ಲವೋ ಎಂದು ತಟ್ಟಿ ಸದ್ದು ಕೇಳುವುದು ಒಂದು ದಾರಿ. ನಾನು ಅಡುಗೆಮನೆಯ ತಕ್ಕಡಿಯನ್ನೇ ನಂಬುತ್ತೇನೆ. ವಾರಕ್ಕೊಮ್ಮೆ ತೂಗಿ ತುಂಡಿನ ಮೇಲೇ ಬರೆದಿಡಿ. ತೂಕ ಇಳಿಯುವುದು ನಿಂತ ಮೇಲೆ ಕೆತ್ತಲು ಶುರು ಮಾಡಿ.

ಪ್ರಶ್ನೆ: ಕುಂದಾಪುರದಿಂದ ಬರೆಯುತ್ತಿದ್ದೇನೆ. ನನ್ನ ಯಜಮಾನರು ತೀರಿಕೊಂಡ ಮೇಲೆ ಅವರ ಬಾಚಿ, ಕೊಡಲಿ ನಾನೇ ಬಳಸುತ್ತಿದ್ದೇನೆ. ಮಳೆಗಾಲದಲ್ಲಿ ಗಟ್ಟಿ ಇರುವ ಕಾವು ಶಿವರಾತ್ರಿ ಹೊತ್ತಿಗೆ ಲೊಟಲೊಟ ಅನ್ನುತ್ತದೆ. ರಾತ್ರಿಯಿಡೀ ನೀರಲ್ಲಿ ಮುಳುಗಿಸಿಡಿ ಅಂತ ಎಲ್ಲರೂ ಹೇಳುತ್ತಾರೆ. ಹಾಗೆ ಮಾಡಿದರೆ ಒಂದು ವಾರ ಸರಿ ಇರುತ್ತದೆ, ಆಮೇಲೆ ಮೊದಲಿಗಿಂತ ಹೆಚ್ಚು ಅಲುಗಾಡುತ್ತದೆ. ಯಾಕೆ?

ಉತ್ತರ: ಅಮ್ಮಾ, ನೀವು ಗಮನಿಸಿದ್ದು ಸರಿಯಾಗಿಯೇ ಇದೆ. ನೀರು ಕುಡಿದ ಮರ ಅಡ್ಡಕ್ಕೆ ಉಬ್ಬುತ್ತದೆ, ಉದ್ದಕ್ಕೆ ಅಷ್ಟಾಗಿ ಉಬ್ಬುವುದಿಲ್ಲ. ಸುತ್ತ ಕಬ್ಬಿಣ ಇದೆ, ಅದು ಜಾಗ ಬಿಡುವುದಿಲ್ಲ. ಉಬ್ಬಲು ಹೋದ ನಾರುಗಳು ತಮ್ಮೊಳಗೇ ಅಮುಕಿ ಜಜ್ಜಿಹೋಗುತ್ತವೆ. ಒಣಗಿದಾಗ ಆ ಜಜ್ಜಿದ ಮರ ಮೊದಲಿನ ಗಾತ್ರಕ್ಕೆ ಬರುವುದಿಲ್ಲ, ಇನ್ನೂ ಸಣ್ಣದಾಗುತ್ತದೆ. ಪ್ರತಿ ಸಲ ನೆನೆಸಿದಾಗಲೂ ನಾಳೆಯ ಸಡಿಲವನ್ನು ಇವತ್ತೇ ತಯಾರು ಮಾಡಿದಂತೆ. ದಯವಿಟ್ಟು ನೀರು ಬಿಡಿ.

ಕಾವು ಹಾಕಲು ಕರಾವಳಿಯಲ್ಲಿ ಸರಿಯಾದ ಕಾಲ ಶಿವರಾತ್ರಿಯಿಂದ ಯುಗಾದಿಯವರೆಗೆ. ಆಗ ಮರ ಚೆನ್ನಾಗಿ ಒಣಗಿರುತ್ತದೆ. ಆಗ ಬಿಗಿಯಾಗಿ ಕೂತ ಕಾವು ಮಳೆಗಾಲಕ್ಕೆ ಇನ್ನಷ್ಟು ಬಿಗಿಯುತ್ತದೆ, ಮುಂದಿನ ಬೇಸಿಗೆಗೆ ಮತ್ತೆ ಹೆಚ್ಚುಕಡಿಮೆ ಇದೇ ಅಳತೆಗೆ ಬಂದು ನಿಲ್ಲುತ್ತದೆ. ನಿಮ್ಮ ಕಾವನ್ನು ಜಡಿಮಳೆಯಲ್ಲಿ ಹಾಕಿರಬೇಕು ಎನಿಸುತ್ತದೆ.

ಕೊಡಲಿಯ ಕಾವು ಗಟ್ಟಿಮುಟ್ಟಾಗಿದ್ದರೆ ಎಸೆಯುವುದು ಬೇಡ. ಹಳೆ ಬೆಣೆ ಕಿತ್ತು, ಒಣ ಗಟ್ಟಿಮರದ ಹೊಸ ಬೆಣೆಯನ್ನು ಚೂರು ದಪ್ಪಗೆ ಮಾಡಿ ಬೇಸಿಗೆಯಲ್ಲಿ ಹೊಡೆಯಿರಿ. ಕಬ್ಬಿಣದ ಮೊಳೆಯನ್ನು ಬೆಣೆಯಾಗಿ ಹೊಡೆಯಬೇಡಿ, ಅದು ಮರವನ್ನು ಸೀಳುತ್ತದೆಯೇ ಹೊರತು ಹಿಡಿಯುವುದಿಲ್ಲ. ಕಾವಿನ ಮೇಲ್ತುದಿಗೆ ಅಗಸೆ ಎಣ್ಣೆ ಕುಡಿಯುವಷ್ಟು ಕುಡಿಸಿ. ತೇವ ಒಳಹೋಗುವುದು ಹೆಚ್ಚಾಗಿ ಆ ತುದಿಯಿಂದಲೇ. ತೆಂಗಿನೆಣ್ಣೆ ಮನೆಯಲ್ಲೇ ಇದೆಯೆಂದು ಅದನ್ನು ಹಚ್ಚಬೇಡಿ, ಅದು ಒಣಗಿ ಗಟ್ಟಿಯಾಗುವುದಿಲ್ಲ, ಕೈ ಜಾರುತ್ತದೆ. ಒಂದು ಎಚ್ಚರಿಕೆ: ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅದು ತನ್ನಷ್ಟಕ್ಕೇ ಬಿಸಿಯಾಗಿ ಹೊತ್ತಿಕೊಳ್ಳಬಹುದು. ಬಿಡಿಸಿ ತಂತಿಯ ಮೇಲೆ ಹರವಿ ಒಣಗಿಸಿ.

ಬಾಚಿಯ ಕಾವು ಮಾತ್ರ ಮುಂದಿನ ಬೇಸಿಗೆಯಲ್ಲಿ ಹೊಸದೇ ಆಗಲಿ, ನಿಮ್ಮ ಕೈಯ ಅಳತೆಗೆ. ಯಜಮಾನರ ಮೊಣಕೈ ಅಳತೆಗೆ ಕೂತ ಹತಾರ ನಿಮ್ಮ ಕೈಯಲ್ಲಿ ಬೇರೆ ದಾರಿಯಲ್ಲಿ ಬೀಸುತ್ತದೆ. ಒಂದಿಂಚು ಗಿಡ್ಡವಾದರೂ ಸರಿ, ಮೇಲೆ ಹೇಳಿದ ದಾರದ ಅಳತೆ ನೀವೂ ಮಾಡಿ ನೋಡಿ.

ಪ್ರಶ್ನೆ: ಬೆಂಗಳೂರಿನಲ್ಲಿ ಫ್ಲ್ಯಾಟಿನ ಬಾಲ್ಕನಿಯೇ ನನ್ನ ಕೆಲಸದ ಮನೆ. ಹೊಸ ಬಾಚಿಯನ್ನು ಗ್ರೈಂಡರಿನಲ್ಲಿ ಚೂಪು ಮಾಡಿದೆ. ಬಾಯಿಯ ಒಂದು ಮೂಲೆ ನೀಲಿಯಾಯಿತು. ಈಗ ಅಲ್ಲಿ ಮಾತ್ರ ಹರಿತ ನಿಲ್ಲುವುದಿಲ್ಲ.

ಉತ್ತರ: ನೀಲಿ ಬಂತೆಂದರೆ ಅಲ್ಲಿ ಸುಮಾರು 300 ಡಿಗ್ರಿ ಮುಟ್ಟಿದೆ, ಹದ ಇಳಿದಿದೆ. ಬಣ್ಣ ಉಜ್ಜಿ ತೆಗೆದರೂ ಹೋದ ಹದ ಬರುವುದಿಲ್ಲ. ಆ ನೀಲಿ ಎಷ್ಟು ಒಳಕ್ಕಿದೆಯೋ ಅಷ್ಟನ್ನೂ ಮಸೆಗಲ್ಲಿನಲ್ಲಿ ನೀರು ಹಾಕಿಕೊಂಡು ಸವೆಸಿ, ಬಾಯಿಯನ್ನೇ ಹಿಂದಕ್ಕೆ ತನ್ನಿ. ಒಂದೆರಡು ಮಿಲಿಮೀಟರ್ ಇರಬಹುದು, ಸಂಜೆಯ ಕೆಲಸ. ಮುಂದೆ ಗ್ರೈಂಡರ್ ಬಳಸಲೇಬೇಕಾದರೆ ಕೈಗವಸು ಇಲ್ಲದೆ ಅಲಗನ್ನು ಬರಿಗೈಯಲ್ಲಿ ಹಿಡಿಯಿರಿ. ಬೆರಳಿಗೆ ಬಿಸಿ ತಾಗಿದ ಕ್ಷಣ ನೀರಿಗೆ ಅದ್ದಿ. ಕನ್ನಡಕ ಮರೆಯಬೇಡಿ.

ಪ್ರಶ್ನೆ: ನಾನು ಎಡಗೈಯವನು. ಎಡಗೈ ಬಾಚಿ ಬೇರೆ ಮಾಡಿಸಬೇಕೇ? ಹಾಗೆಯೇ ನೆಲದಲ್ಲಿ ಕೂತು ಕೆತ್ತುವಾಗ ಮರವನ್ನು ಕಾಲಲ್ಲಿ ಹಿಡಿಯುವುದು ಸರಿಯೇ?

ಉತ್ತರ: ಬಾಯಿ ಕಾವಿಗೆ ಅಡ್ಡಲಾಗಿ, ಎರಡೂ ಬದಿ ಸಮವಾಗಿರುವುದರಿಂದ ಬಾಚಿಗೆ ಎಡ ಬಲ ಎಂಬುದಿಲ್ಲ. ಬೇರೆ ಮಾಡಿಸಬೇಡಿ.

ಕಾಲಲ್ಲಿ ಹಿಡಿದು ಕೆತ್ತುವುದು ನಮ್ಮ ಬಡಗಿಗಳ ಹಳೆಯ ಕ್ರಮ, ಕೈ ಪಳಗಿದವರಿಗೆ ಅದು ಸಲೀಸು. ಪಳಗುವವರೆಗೆ ಬೇಡ. ಒಂದು ದಿಮ್ಮಿಗೆ ಅಡ್ಡಲಾಗಿ ಪಟ್ಟಿ ಹೊಡೆದು, ಕೆತ್ತುವ ತುಂಡಿನ ನಿಮ್ಮ ಕಡೆಯ ತುದಿಯನ್ನು ಅದಕ್ಕೆ ಆನಿಸಿ, ಬಾಚಿ ಬೀಸಿ ಬರುವ ದಾರಿ ದಿಮ್ಮಿಯ ಮೇಲೆಯೇ ಮುಗಿಯುವಂತೆ ಕುಳಿತುಕೊಳ್ಳಿ. ಮೊಣಕಾಲು, ಹೆಬ್ಬೆರಳು ಆ ದಾರಿಯಿಂದ ಆಚೆ ಇರಲಿ. ಮೊದಮೊದಲು ಮೊಣಕೈಯಿಂದಷ್ಟೇ ಬೀಸಿ, ಭುಜ ಎತ್ತಬೇಡಿ. ಕೆಲಸ ಮುಗಿದ ಮೇಲೆ ಬಾಯಿಗೆ ಹಳೆಯ ಸೈಕಲ್ ಟ್ಯೂಬಿನ ತುಂಡು ತೊಡಿಸಿ ಎತ್ತಿಡಿ.